ಗ್ಯಾಸ್ ಬದಲಾದರೆ ಎಣ್ಣೆಯೂ ಬದಲಾಗಬೇಕು

ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಉಳಿಸೋ ಕೋಲ್ಡ್ ಸ್ಟೋರೇಜ್ ವಿಷಯ ಬಂದ್ರೆ ನಾವು ಸಬ್ಸಿಡಿ, ಕರೆಂಟ್ ಅಂತೀವಿ. ಎಂಜಿನಿಯರಿಂಗ್ ಓದಿದ ನಾನು ಎಣ್ಣೆಯನ್ನೂ ಸೇರಿಸ್ತೀನಿ.

ಸ್ಕ್ರೂ ಕಂಪ್ರೆಸರ್‌ನಲ್ಲಿ ಎಣ್ಣೆ ಸವೆತ ತಡೆಯುವುದಷ್ಟೇ ಅಲ್ಲ, ರೋಟರ್‌ಗಳ ನಡುವಿನ ಸಂದು ಮುಚ್ಚುತ್ತದೆ, ಶಾಖವನ್ನೂ ಹೊತ್ತೊಯ್ಯುತ್ತದೆ. ಯಾವ ಎಣ್ಣೆ ಅನ್ನೋದನ್ನು ಮೊದಲು ತೀರ್ಮಾನಿಸೋದು ಒಳಗಿರುವ ಗ್ಯಾಸ್. ಅಮೋನಿಯಾ ಇದ್ದರೆ ಸಾಮಾನ್ಯವಾಗಿ ಮಿನರಲ್ ಎಣ್ಣೆ. ಆರ್-134ಎ ಇದ್ದರೆ ಪಿಒಇ ಎಂಬ ಸಿಂಥೆಟಿಕ್ ಎಣ್ಣೆ. ಪಿಒಇ ಅಮೋನಿಯಾ ಜೊತೆ ಸೇರಿದ್ರೆ ಕೆಟ್ಟು ಕೆಸರಾಗುತ್ತೆ. ಆಮೇಲೆ ಮಂದತೆ: ಗ್ಯಾಸ್ ಕರಗಿದಷ್ಟೂ ಎಣ್ಣೆ ತೆಳುವಾಗುತ್ತೆ, ಬೇರಿಂಗ್ ಸವೆಯುತ್ತೆ.

ಎಚ್‌ಎಫ್‌ಸಿ ಗ್ಯಾಸ್‌ಗಳ ಬಳಕೆ ಇಳಿಸುವ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಗ್ಯಾಸ್ ಬದಲಿಸಿ ಅನ್ನೋ ಸರ್ಕಾರ ಎಣ್ಣೆ, ಸೀಲ್, ಮೆಕ್ಯಾನಿಕ್‌ಗಳ ತರಬೇತಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲದಿದ್ರೆ ಆ ಬಿಲ್ ಕೊನೆಗೆ ರೈತರು ಕೊಡೋ ಬಾಡಿಗೆಗೇ ಸೇರುತ್ತೆ.