ಮೂರು ದನಿ, 64 ಸಾಲು: ಹಳೆಯ ಸೌಂಡ್ ಚಿಪ್ಪಿನಲ್ಲಿ ಸಂಗೀತ ಕಟ್ಟುವ ಬಗೆ

(ಆನ್‌ಲೈನ್ ಗೋಷ್ಠಿಯ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಕಾಸರಗೋಡು, ಹೊಸೂರು, ಸೊಲ್ಲಾಪುರ, ಆದೋನಿ ಹೀಗೆ ಬೇರೆ ಬೇರೆ ಕಡೆಯಿಂದ ಸೇರಿದ್ದೀರಿ. ಇವತ್ತಿನ ವಿಷಯ ಚಿಪ್ ಸಂಗೀತ. ಅಂದ್ರೆ 1980ರ ದಶಕದ ಮನೆ ಕಂಪ್ಯೂಟರ್ ಮತ್ತು ವಿಡಿಯೊ ಗೇಮ್‌ಗಳ ಒಳಗಿದ್ದ ಸೌಂಡ್ ಚಿಪ್ಪಿನಿಂದಲೇ ನುಡಿಸುವ ಸಂಗೀತ. ‘ಪೀಂ ಪೀಂ ಅನ್ನುವ ಗೇಮ್ ಸದ್ದು ತಾನೆ?’ ಅಂತ ಕೇಳುವವರಿದ್ದಾರೆ. ಹೌದು, ಅದೇ ಸದ್ದು. ಆದರೆ ಅದರಲ್ಲಿ ಯಾವುದು ಯಂತ್ರದ ಮಿತಿ, ಯಾವುದು ಬಳಸುವವರ ರೂಢಿ ಎಂದು ಬಿಡಿಸಿ ನೋಡಬೇಕು. ಹಾಗೆ ನೋಡಿದರೆ ನಮ್ಮ ರಾಗ, ತಾಳಗಳಿಗೂ ಅಲ್ಲಿ ಜಾಗ ಇದೆ ಅಂತ ಗೊತ್ತಾಗ್ತದೆ. ಉದಾಹರಣೆಗೆ ಒಂದೇ ಚಿಪ್ ಇಟ್ಟುಕೊಳ್ಳೋಣ: ಕಮೊಡೋರ್ 64 ಕಂಪ್ಯೂಟರಿನ ‘ಸಿಡ್’.

ಚಿಪ್ಪಿನೊಳಗೆ ಏನಿದೆ?

ಕಮೊಡೋರ್ 64 ಅಮೆರಿಕದಲ್ಲಿ 1982ರಲ್ಲಿ ಮಾರುಕಟ್ಟೆಗೆ ಬಂತು. ಅದರ ಸಿಡ್ 6581 ಚಿಪ್ಪನ್ನು ವಿನ್ಯಾಸ ಮಾಡಿದವರು ಬಾಬ್ ಯಾನೆಸ್. ಮುಂದೆ ಎನ್ಸಾನಿಕ್ ಎಂಬ ಸಿಂಥಸೈಸರ್ ಕಂಪನಿ ಕಟ್ಟಿದವರಲ್ಲಿ ಇವರೂ ಒಬ್ಬರು. ಆಟಕ್ಕೆ ಬೀಪ್ ಸದ್ದು ಕೊಡುವಷ್ಟಕ್ಕೇ ನಿಲ್ಲಿಸದೆ, ಒಂದು ಸಣ್ಣ ಸಿಂಥಸೈಸರನ್ನೇ ಅವರು ಚಿಪ್ಪಿನೊಳಗೆ ಇಟ್ಟರು.

ಅದರಲ್ಲಿ ಮೂರು ದನಿಗಳಿವೆ. ಪ್ರತಿ ದನಿಗೂ ನಾಲ್ಕು ಬಗೆಯ ಅಲೆ: ತ್ರಿಕೋನ, ಗರಗಸದ ಹಲ್ಲು, ಪಲ್ಸ್ ಮತ್ತು ನಾಯ್ಸ್. ತ್ರಿಕೋನ ಮೆತ್ತಗೆ, ಕೊಳಲಿಗೆ ಹತ್ತಿರ. ಗರಗಸ ಚೂಪು. ಪಲ್ಸ್ ಅಲೆಯ ಅಗಲ ಬದಲಿಸುತ್ತಾ ಹೋದರೆ ಸ್ವರ ತೆಳುವಾಗಿಯೂ ದಪ್ಪವಾಗಿಯೂ ಕೇಳ್ತದೆ. ನಾಯ್ಸ್ ತಾಳವಾದ್ಯಕ್ಕೆ. ದನಿ ಎಷ್ಟು ಬೇಗ ಏಳಬೇಕು, ಎಲ್ಲಿಗೆ ಇಳಿದು ನಿಲ್ಲಬೇಕು, ಬಿಟ್ಟ ಮೇಲೆ ಎಷ್ಟು ಹೊತ್ತಿನಲ್ಲಿ ಆರಬೇಕು ಎಂದು ಪ್ರತಿ ದನಿಗೂ ಬೇರೆ ಬೇರೆ ಹೇಳಬಹುದು. ಮೂರಕ್ಕೂ ಸೇರಿ ಒಂದು ಫಿಲ್ಟರ್ ಇದೆ.

ಗಮನಿಸಿ, ಚಿಪ್ಪಿನಲ್ಲಿ ಮುದ್ರಿಸಿಟ್ಟ ಸದ್ದು ಒಂದೂ ಇಲ್ಲ. ಇರುವುದು 29 ರಿಜಿಸ್ಟರ್, ಅಂದ್ರೆ ಅಂಕಿಗಳ ಖಾನೆ. ಅದರಲ್ಲಿ 25 ಬರೆಯುವುದಕ್ಕೆ, 4 ಓದುವುದಕ್ಕೆ. ಯುರೋಪಿನ ಯಂತ್ರಗಳಲ್ಲಿ ಸಂಗೀತದ ಪ್ರೋಗ್ರಾಂ ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ ಈ ಖಾನೆಗಳಿಗೆ ಹೊಸ ಅಂಕಿ ಬರೆಯುತ್ತದೆ. ಸಂಗೀತ ಅಂದರೆ ಅಷ್ಟೇ, ಯಾವ ಖಾನೆಗೆ ಯಾವಾಗ ಯಾವ ಅಂಕಿ ಅನ್ನುವುದು. ಬ್ರಿಟನ್ನಿನ ರಾಬ್ ಹಬರ್ಡ್ ‘ಮಾಂಟಿ ಆನ್ ದ ರನ್’ (1985) ಮೊದಲಾದ ಆಟಗಳಿಗೆ ಸಂಗೀತ ಕೊಟ್ಟಾಗ, ಸ್ವರಗಳನ್ನು ಸಾಲು ಸಾಲು ಅಂಕಿಗಳಾಗಿ ಪ್ರೋಗ್ರಾಮಿನೊಳಗೇ ಟೈಪ್ ಮಾಡುತ್ತಿದ್ದರು.

ಮೂರು ದನಿಯಲ್ಲಿ ಮೇಳ ಹೇಗೆ?

ಪಾಶ್ಚಾತ್ಯ ಸಂಗೀತಕ್ಕೆ ಸ್ವರಮೇಳ ಬೇಕು. ಒಂದು ಮೇಳಕ್ಕೆ ಕನಿಷ್ಠ ಮೂರು ಸ್ವರ. ಮೂರು ದನಿಯನ್ನೂ ಅದಕ್ಕೇ ಕೊಟ್ಟರೆ ರಾಗಕ್ಕೆ, ತಾಳಕ್ಕೆ ಏನೂ ಉಳಿಯುವುದಿಲ್ಲ. ಅದಕ್ಕೆ ಒಂದೇ ದನಿಯಲ್ಲಿ ಮೂರೂ ಸ್ವರಗಳನ್ನು ಒಂದರ ಹಿಂದೆ ಒಂದು ಓಡಿಸಿದರು. ಸೆಕೆಂಡಿನ 50ನೇ ಒಂದು ಭಾಗಕ್ಕೆ ಒಂದು ಸ್ವರ. ಮೂರು ಸ್ವರದ ಒಂದು ಸುತ್ತು ಸೆಕೆಂಡಿಗೆ ಸುಮಾರು 17 ಸಲ. ಕಿವಿಗೆ ಅದು ಬಿಡಿ ಸ್ವರಗಳಾಗಿ ಕೇಳುವುದಿಲ್ಲ, ಮಿನುಗುವ ಒಂದು ಮೇಳವಾಗಿ ಕೇಳ್ತದೆ. ಇದಕ್ಕೆ ಆರ್ಪೆಜಿಯೊ ಅಂತ ಹೆಸರು. ಚಿಪ್ ಸಂಗೀತದ ಗುರುತಾಗಿರುವ ಆ ‘ಗುಳುಗುಳು’ ಸದ್ದು ಹುಟ್ಟಿದ್ದು ಈ ಕೊರತೆಯಿಂದ.

ಟ್ರ್ಯಾಕರ್ ಅನ್ನುವ ಸ್ವರಲಿಪಿ

1987ರಲ್ಲಿ ಕಾರ್ಸ್ಟೆನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರಿಗೆ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಬರೆದರು. ಅಮಿಗಾದ ಚಿಪ್ ಬೇರೆ ಜಾತಿಯದು, ಅದು ಮುದ್ರಿತ ಸದ್ದಿನ ತುಣುಕುಗಳನ್ನು ನಾಲ್ಕು ದಾರಿಯಲ್ಲಿ ನುಡಿಸುತ್ತದೆ. ಆದರೆ ಈ ಪ್ರೋಗ್ರಾಮಿನ ಬರೆಯುವ ಕ್ರಮ ಎಲ್ಲ ಕಡೆ ಹರಡಿತು. ಸಿಡ್ ಚಿಪ್ಪಿಗೆ ಈಗ ಬಳಕೆಯಲ್ಲಿರುವ ಗೋಟ್‌ಟ್ರ್ಯಾಕರ್ ಕೂಡ ಇದೇ ವಂಶದ್ದು.

ಪರದೆಯ ಮೇಲೆ ಪ್ರತಿ ದನಿಗೆ ಒಂದು ಕಂಬಸಾಲು. ಕಾಲ ಮೇಲಿನಿಂದ ಕೆಳಗೆ ಹರಿಯುತ್ತದೆ. ಒಂದು ಸಾಲಿನಲ್ಲಿ ಸ್ವರ, ವಾದ್ಯದ ಸಂಖ್ಯೆ, ಒಂದು ಆದೇಶ. ಉದಾಹರಣೆಗೆ ‘047’ ಅಂದರೆ ಮೂಲ ಸ್ವರ, ಅದರಿಂದ ನಾಲ್ಕು ಅರ್ಧಸ್ವರ ಮೇಲಿನದು, ಏಳು ಮೇಲಿನದು, ಈ ಮೂರನ್ನೂ ಓಡಿಸು ಅಂತ. ಹಳೆಯ ‘ಮಾಡ್’ ಫೈಲುಗಳಲ್ಲಿ ಇಂಥ 64 ಸಾಲಿಗೆ ಒಂದು ಪ್ಯಾಟರ್ನ್. ರೂಢಿಯ ವೇಗದಲ್ಲಿ ಒಂದು ಸಾಲಿಗೆ 6 ಟಿಕ್, ಅಂದ್ರೆ 0.12 ಸೆಕೆಂಡ್, ನಾಲ್ಕು ಸಾಲಿಗೆ ಒಂದು ಪೆಟ್ಟು ಹಾಕಿದರೆ ನಿಮಿಷಕ್ಕೆ 125 ಪೆಟ್ಟು.

ತಾಳಕ್ಕೆ, ಶ್ರುತಿಗೆ ಜಾಗ ಎಲ್ಲಿ?

64 ಸಾಲು ಪಾಶ್ಚಾತ್ಯ ನಾಲ್ಕರ ಲೆಕ್ಕಕ್ಕೆ ಹೊಂದುತ್ತದೆ. ನಮ್ಮ ಆದಿತಾಳಕ್ಕೂ ತೊಂದರೆ ಇಲ್ಲ. ಅಕ್ಷರಕ್ಕೆ 4 ಸಾಲು ಇಟ್ಟರೆ 8 ಅಕ್ಷರಕ್ಕೆ 32 ಸಾಲು, ಒಂದು ಪ್ಯಾಟರ್ನಿನಲ್ಲಿ ಎರಡು ಆವರ್ತ. ಮಿಶ್ರಛಾಪು ಆದರೆ? ಸೊಲ್ಲಾಪುರ, ಜತ್ತದ ಕಡೆ ಹಿಂದೂಸ್ತಾನಿ ಕೇಳಿ ಬೆಳೆದವರ ರೂಪಕ್ ಆದರೆ? ಎರಡೂ 7ರ ಲೆಕ್ಕ, 28 ಸಾಲು. 28ನೆಯ ಸಾಲಿನಲ್ಲಿ ‘ಇಲ್ಲಿಗೆ ಮುರಿ’ ಅನ್ನುವ ಆದೇಶ ಕೊಟ್ಟರೆ ಮುಗಿಯಿತು. ಪ್ಯಾಟರ್ನಿನ ಉದ್ದವನ್ನೇ ಬದಲಿಸಲು ಬಿಡುವ ಟ್ರ್ಯಾಕರ್‌ಗಳೂ ಇವೆ. 64 ಅನ್ನುವುದು ಚಿಪ್ಪಿನ ಮಿತಿ ಅಲ್ಲ, ಬರವಣಿಗೆಯ ರೂಢಿ.

ಶ್ರುತಿಯದ್ದೂ ಹಾಗೆಯೇ. ಟ್ರ್ಯಾಕರ್ ಸಾಮಾನ್ಯವಾಗಿ ಪಿಯಾನೊದ ಹಾಗೆ 12 ಸಮಭಾಗದ ಪಟ್ಟಿ ಬಳಸುತ್ತದೆ. ಚಿಪ್ಪಿಗೆ ಆ ಪಟ್ಟಿ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು 0ಯಿಂದ 65,535ರ ವರೆಗಿನ ಒಂದು ಅಂಕಿ. ಷಡ್ಜಕ್ಕೆ 4000 ಬರೆದರೆ ಸುಮಾರು 235 ಹರ್ಟ್ಸ್. ಆಗ ಪಿಯಾನೊ ಲೆಕ್ಕದ ಅಂತರ ಗಾಂಧಾರ 5040. ತಂಬೂರಿಯಲ್ಲಿ ಕೇಳುವ ಶುದ್ಧ ಅನುಪಾತದ್ದು, 5ಕ್ಕೆ 4ರದ್ದು, ಸರಿಯಾಗಿ 5000. ಪಂಚಮ 5993ರ ಬದಲು 6000. ಈ ಅಂಕಿಗಳನ್ನು ಬರೆಯಲು ಚಿಪ್ ಬೇಡ ಅನ್ನುವುದಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಆದೇಶ, ಕಂಪನದ ಆದೇಶ ಎರಡೂ ಇರುವುದರಿಂದ ಜಾರು, ಕಂಪಿತಗಳನ್ನು ಸ್ವಲ್ಪ ಮಟ್ಟಿಗೆ ತರಬಹುದು. ಆದರೆ ಒಂದೊಂದು ಗಮಕವನ್ನೂ ಕೈಯಾರೆ ಬರೆಯಬೇಕು, ಅದು ತಾಳ್ಮೆಯ ಕೆಲಸ.

ದೋಷವೂ ವಾದ್ಯ

6581ರಲ್ಲಿ ಒಂದು ದೋಷ ಇತ್ತು. ಒಟ್ಟು ಸದ್ದಿನ ಮಟ್ಟ ಬದಲಿಸಿದಾಗಲೆಲ್ಲ ‘ಟಿಕ್’ ಎಂದು ಕೇಳುತ್ತಿತ್ತು. ಪ್ರೋಗ್ರಾಮರುಗಳು ಆ ಮಟ್ಟವನ್ನು ಸೆಕೆಂಡಿಗೆ ಸಾವಿರಾರು ಸಲ ಬದಲಿಸಿ, ಟಿಕ್‌ಗಳಿಂದಲೇ ಡ್ರಮ್ ಮತ್ತು ಮನುಷ್ಯರ ಮಾತು ಹೊರಡಿಸಿದರು. ಮೂರು ದನಿಯ ಚಿಪ್ಪಿಗೆ ನಾಲ್ಕನೆಯ ದನಿ ಬಂತು! ಆಮೇಲೆ ಬಂದ 8580 ಚಿಪ್ಪಿನಲ್ಲಿ ದೋಷ ಬಹುಮಟ್ಟಿಗೆ ಸರಿಹೋಯಿತು, ಅದರೊಂದಿಗೆ ಆ ನಾಲ್ಕನೆಯ ದನಿಯೂ ಕುಗ್ಗಿತು. 6581ರ ಫಿಲ್ಟರ್ ಒಂದು ಚಿಪ್ಪಿನಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಹಾಗಾಗಿ ಒಂದೇ ಹಾಡು ಎರಡು ಯಂತ್ರದಲ್ಲಿ ಎರಡು ಥರ ಕೇಳಬಹುದು.

ಚಾಟ್‌ನಲ್ಲಿ ಬಂದ ಎರಡು ಪ್ರಶ್ನೆ

‘ಒಮ್ಮೆ ರೆಕಾರ್ಡ್ ಮಾಡಿಟ್ಟರೆ ಸಾಲದೆ, ಚಿಪ್ಪಿನ ಚಿಂತೆ ಯಾಕೆ?’ ಒಳ್ಳೆಯ ಪ್ರಶ್ನೆ. ಮೂರು ನಿಮಿಷದ ಎಂಪಿ3ಗೆ ಸುಮಾರು 3 ಮೆಗಾಬೈಟ್ ಬೇಕು, ಸಿಡ್ ಫೈಲಿಗೆ ಕೆಲವೇ ಕಿಲೋಬೈಟ್ ಸಾಕು. ಆದರೆ ಮುಖ್ಯ ವಿಷಯ ಅದಲ್ಲ. ಕಾಸರಗೋಡಿನವರಿಗೆ ಹೀಗೆ ಹೇಳಿದರೆ ತಿಳಿದೀತು: ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಪದ್ಯ ಇರ್ತದೆ, ರಾಗ ತಾಳದ ಹೆಸರು ಇರ್ತದೆ. ಸದ್ದು ಇರುವುದಿಲ್ಲ. ಅದು ಭಾಗವತರ ಕಂಠದಲ್ಲಿ, ಚೆಂಡೆ ಮದ್ದಳೆಯಲ್ಲಿ ಹುಟ್ಟಬೇಕು. ಸಿಡ್ ಫೈಲ್ ಆ ಪುಸ್ತಕದ ಹಾಗೆ, ಚಿಪ್ ಭಾಗವತರ ಹಾಗೆ. ರೆಕಾರ್ಡಿಂಗ್ ಒಂದು ರಾತ್ರಿಯ ಆಟವನ್ನು ಉಳಿಸುತ್ತದೆ. ಫೈಲ್ ಉಳಿದರೆ ಹಾಡು ಹೇಗೆ ಕಟ್ಟಿದ್ದು ಅನ್ನುವುದು ಉಳಿಯುತ್ತದೆ, ತೆರೆದು ಕಲಿಯಬಹುದು. ಹೈ ವೋಲ್ಟೇಜ್ ಸಿಡ್ ಕಲೆಕ್ಷನ್ ಎಂಬ ಸಂಗ್ರಹದಲ್ಲಿ ಆಸಕ್ತರೇ ಸೇರಿ 50 ಸಾವಿರಕ್ಕೂ ಹೆಚ್ಚು ಹಾಡುಗಳನ್ನು ಹೀಗೆ ಉಳಿಸಿದ್ದಾರೆ. ಆದರೆ ನುಡಿಸುವ ಚಿಪ್ ಈಗ ತಯಾರಾಗುವುದಿಲ್ಲ, ಇರುವವೂ ಒಂದೊಂದಾಗಿ ಕೆಡುತ್ತಿವೆ. ಅದಕ್ಕೇ ಚಿಪ್ಪಿನ ನಡವಳಿಕೆಯನ್ನು, ಅದರ ದೋಷ ಸಮೇತ, ಅನುಕರಿಸುವ ರೀಸಿಡ್‌ನಂಥ ಎಮ್ಯುಲೇಟರ್‌ಗಳು ಮುಖ್ಯ ಆಗ್ತವೆ.

‘ಶುರು ಮಾಡಲು ಹಳೆಯ ಯಂತ್ರ ಬೇಕೆ?’ ಬೇಡ. ಗೋಟ್‌ಟ್ರ್ಯಾಕರ್, ಫರ್ನೇಸ್ ಎರಡೂ ಉಚಿತ; ಸಾಧಾರಣ ಕಂಪ್ಯೂಟರಿನಲ್ಲಿ ನಡೆಯುತ್ತವೆ. ಮೊದಲ ಪಾಠಕ್ಕೆ ಸರಳೆ ವರಸೆ ತೆಗೆದುಕೊಳ್ಳಿ. ಮಾಯಾಮಾಳವಗೌಳ, ಷಡ್ಜದಿಂದ ಅರ್ಧಸ್ವರದ ಲೆಕ್ಕದಲ್ಲಿ 0, 1, 4, 5, 7, 8, 11, 12. ಮೊದಲ ದನಿಗೆ ತ್ರಿಕೋನ ಅಲೆಯಲ್ಲಿ ವರಸೆ, ಎರಡನೆಯದಕ್ಕೆ ಪಲ್ಸ್‌ನಲ್ಲಿ ಸಾ ಪಾ ಶ್ರುತಿ, ಮೂರನೆಯದಕ್ಕೆ ನಾಯ್ಸ್‌ನಲ್ಲಿ ಆದಿತಾಳದ ಪೆಟ್ಟು. ಮೂರು ದನಿಯೂ ತುಂಬಿತು ನೋಡಿ. ಸ್ವರಮೇಳ ಬೇಡದ ನಮ್ಮ ಪದ್ಧತಿಗೆ ಈ ಚಿಪ್ಪಿನಲ್ಲಿ ಮೂರು ಕಡಿಮೆ ಅಲ್ಲ. ಮುಂದಿನ ಗೋಷ್ಠಿಗೆ ಒಂದೊಂದು ಆವರ್ತ ಕಟ್ಟಿಕೊಂಡು ಬನ್ನಿ, ಕೂತು ಕೇಳೋಣ.