ಹಳೆಯ ಕಲ್ನಾರು ಶೀಟು: ಇಳಿಸುವ ಮುನ್ನ ನಾಲ್ಕು ಮಾತು



ಚೈತ್ರ-ವೈಶಾಖದ ಬಿರುಗಾಳಿ ಮಳೆ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗೆ ಹೊಸದಲ್ಲ. ಗೊನೆ ಹೊತ್ತ ಬಾಳೆ ನೆಲ ಕಚ್ಚುತ್ತದೆ. ಅದರ ಜೊತೆಗೇ ಕೊಟ್ಟಿಗೆ, ಪಂಪ್‌ಹೌಸು, ಲೈನ್ ಮನೆಗಳ ಶೀಟುಗಳು ಹಾರಿ ಚೂರಾಗುತ್ತವೆ. ಬಾಳೆಗೆ ಪರಿಹಾರ ಕೇಳಲು ತಾಲ್ಲೂಕು ಕಚೇರಿಗೆ ಓಡುತ್ತೇವೆ. ಶೀಟಿನ ಚೂರುಗಳನ್ನು ಮಾತ್ರ ಆಳುಗಳಿಂದ ಗುಡಿಸಿ ತೋಟದ ಗುಂಡಿಗೆ ಹಾಕಿಸಿ ಮರೆತುಬಿಡುತ್ತೇವೆ. ಹೀಗೆ ಮರೆಯುವಂಥ ವಸ್ತು ಇದಲ್ಲ ಎಂದು ಹೇಳುವುದಕ್ಕಾಗಿ ಈ ಬರಹ.

ನಾವು ಎ.ಸಿ. ಶೀಟು, ಸಿಮೆಂಟ್ ಶೀಟು ಎಂದು ಕರೆಯುವುದರ ಒಳಗೆ ಕ್ರಿಸೊಟೈಲ್ ಎಂಬ ಬಿಳಿ ಕಲ್ನಾರು ಇರುತ್ತದೆ. ನೂರು ಕೆ.ಜಿ. ಶೀಟಿಗೆ ಸುಮಾರು 8ರಿಂದ 10 ಕೆ.ಜಿ. ಉಳಿದದ್ದು ಬಹುಪಾಲು ಸಿಮೆಂಟು. ಗಟ್ಟಿಯಾಗಿರುವ ಶೀಟಿನಲ್ಲಿ ಈ ನಾರು ಸಿಮೆಂಟಿನ ಹಿಡಿತದಲ್ಲಿರುತ್ತದೆ. ಅದರ ಕೆಳಗೆ ಮಲಗಿದ ಮಾತ್ರಕ್ಕೆ ಯಾರೂ ಗಾಬರಿಗೊಳ್ಳಬೇಕಾಗಿಲ್ಲ. ಒಡೆದಾಗ, ಗರಗಸ ಹಾಕಿದಾಗ, ತೂತು ಕೊರೆದಾಗ, ಒಣ ಪುಡಿಯನ್ನು ಗುಡಿಸಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ. ಹತ್ತಾರು ಮಳೆಗಾಲ ನೆನೆದ ಶೀಟಿನ ಮೇಲ್ಮೈ ಸಿಮೆಂಟು ಸವೆದು ನಾರು ಹೊರಬಂದಿರುತ್ತದೆ. ಆದ್ದರಿಂದ ಪಾಚಿ ಹಿಡಿದ ಶೀಟನ್ನು ತಂತಿ ಬ್ರಷ್ಷಿನಿಂದ ಉಜ್ಜುವುದು ಶುದ್ಧ ಅವಿವೇಕ.

ಉಸಿರಿನೊಡನೆ ಒಳಹೋದ ಎಳೆ ಶ್ವಾಸಕೋಶದಲ್ಲೇ ಉಳಿಯುತ್ತದೆ. ಶ್ವಾಸಕೋಶ ಗಟ್ಟಿಯಾಗುವ ರೋಗ, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಯ ಕ್ಯಾನ್ಸರ್ ಇವು ಬರುವುದು ಬಹುಮಟ್ಟಿಗೆ 20ರಿಂದ 40 ವರ್ಷಗಳ ನಂತರ. ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ರೋಗ ಇಷ್ಟು ತಡವಾಗಿ ಬರುವುದರಿಂದಲೇ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿ 27ರ ತೀರ್ಪಿನಲ್ಲಿ, ಕಲ್ನಾರು ಕಾರ್ಖಾನೆಗಳು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಆಜ್ಞಾಪಿಸಿತು. ನಮ್ಮ ತೋಟದಲ್ಲಿ ಶೀಟು ಇಳಿಸಿದ ಆಳಿನ ದಾಖಲೆ ಯಾರ ಬಳಿ ಇದೆ? ಅವನು ಅರವತ್ತರಲ್ಲಿ ಕೆಮ್ಮಿದರೆ ವಯಸ್ಸಾಯಿತು ಎನ್ನುತ್ತೇವೆ.

ಯೂರೋಪು 2005ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ ಇದರ ಬಳಕೆಯನ್ನು ನಿಲ್ಲಿಸಿದವು. ಫ್ರಾನ್ಸಿನವರು ಕಲ್ನಾರು ತುಂಬಿದ ತಮ್ಮ ಹಳೆಯ ಯುದ್ಧನೌಕೆ ಕ್ಲೆಮಾಂಸೋವನ್ನು ಒಡೆಯಲು ಗುಜರಾತಿನ ಅಲಂಗಿಗೆ ಕಳಿಸಿ, ದೊಡ್ಡ ಗದ್ದಲವಾದ ಮೇಲೆ 2006ರಲ್ಲಿ ವಾಪಸು ಕರೆಸಿಕೊಂಡದ್ದು ಹಲವರಿಗೆ ನೆನಪಿರಬಹುದು. ನಮ್ಮ ದೇಶದಲ್ಲಿ ಶೀಟು ಮಾರಾಟಕ್ಕೆ ನಿಷೇಧವಿಲ್ಲ. 2011ರಲ್ಲಿ ನಿಷೇಧ ಕೋರಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಅಂಗಡಿಯಲ್ಲಿ ಸಿಗುತ್ತದೆಂದು ಕೊಳ್ಳಲೇಬೇಕೆಂದೇನೂ ಇಲ್ಲ. ಬಣ್ಣದ ಕಬ್ಬಿಣದ ಶೀಟು ಇದೆ, ಮಂಗಳೂರು ಹೆಂಚು ಇದೆ.

ಇನ್ನು ಕೆಲಸದ ಮಾತು. ಒಡೆಯದ, ಬಿರುಕಿಲ್ಲದ ಶೀಟನ್ನು ಸುಮ್ಮನೆ ಕೀಳಬೇಡಿ, ಇದ್ದಲ್ಲೇ ಇರಲಿ. ಇಳಿಸಲೇಬೇಕಾದರೆ ಗಾಳಿಯಿಲ್ಲದ ಮುಂಜಾನೆ ಆರಿಸಿ. ಮಕ್ಕಳು, ದನಕರು ದೂರವಿರಲಿ, ಬಾವಿ ತೊಟ್ಟಿಗಳಿಗೆ ಮುಚ್ಚಿಗೆ ಇರಲಿ. ಶೀಟಿಗೆ ಮೊದಲು ನೀರುಣಿಸಬೇಕು. ಅಡಿಕೆಗೆ ಬೋರ್ಡೋ ಹೊಡೆಯುವ ಬೆನ್ನಿನ ಸ್ಪ್ರೇಯರನ್ನೇ ಚೆನ್ನಾಗಿ ತೊಳೆದು, ನೀರಿಗೆ ಸ್ವಲ್ಪ ಸೋಪು ಬೆರೆಸಿ ಮಂಜಿನಂತೆ ಸಿಂಪಡಿಸಿದರೆ ಸಾಕು. ಮೋಟಾರಿನ ಜೋರು ನೀರು ಬಿಡಬೇಡಿ, ಅದು ನಾರನ್ನೇ ಎಬ್ಬಿಸುತ್ತದೆ.

ಶೀಟಿನ ಮೇಲೆ ಕಾಲಿಟ್ಟು ನಡೆಯುವುದು ಬೇಡವೇ ಬೇಡ. ಕಲ್ನಾರಿನ ರೋಗಕ್ಕೆ ದಶಕಗಳು ಬೇಕು, ಹಳೆಯ ಶೀಟು ಮುರಿದು ಬಿದ್ದವನಿಗೆ ಕ್ಷಣ ಸಾಕು. ತೊಲೆಯಿಂದ ತೊಲೆಗೆ ಅಗಲವಾದ ಹಲಗೆ ಹಾಕಿ, ಸಾಧ್ಯವಾದರೆ ಕೆಳಗಿನಿಂದ ಅಟ್ಟಣಿಗೆ ಕಟ್ಟಿ. ತುಕ್ಕು ಹಿಡಿದ ಕೊಕ್ಕೆ ಬೋಲ್ಟನ್ನು ಕತ್ತರಿಸಿ ಶೀಟನ್ನು ಇಡಿಯಾಗಿ ಎತ್ತಬೇಕು. ಸುತ್ತಿಗೆ, ಹಾರೆ ಮುಟ್ಟಬಾರದು. ಹತ್ತಡಿಯ ಶೀಟು 40 ಕೆ.ಜಿ. ಮೇಲಿರುತ್ತದೆ. ಮೇಲಿನಿಂದ ಎಸೆಯದೆ ಕೈಯಿಂದ ಕೈಗೆ ಇಳಿಸಲು ಸಾಕಷ್ಟು ಜನ ಇರಲಿ.

ಮೂಗಿಗೆ ಟವೆಲು ಕಟ್ಟಿದರೆ ಉಪಯೋಗವಿಲ್ಲ. ಕೊರೋನಾ ಕಾಲದ ಎನ್-95 ಕೂಡ ಇದಕ್ಕೆ ಸಾಲದು. ಪಿ-100 ಫಿಲ್ಟರ್ ಇರುವ ಮಾಸ್ಕ್ ತರಿಸಿ. ಗಡ್ಡವಿದ್ದವರಿಗೆ ಅದೂ ಸರಿಯಾಗಿ ಕೂರುವುದಿಲ್ಲ. ಕೆಲಸದ ಬಟ್ಟೆಯನ್ನು ಕೊಡವದೆ, ಮನೆಗೆ ಒಯ್ಯದೆ, ಕೆಲಸ ಮುಗಿದ ದಿನವೇ ಶೀಟಿನ ಜೊತೆಗೆ ಕಟ್ಟಿಬಿಡಬೇಕು. ಗಂಡನ ಬಟ್ಟೆ ಒಗೆದ ಹೆಂಡತಿಗೂ ಈ ರೋಗ ಬಂದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ.

ಇಳಿಸಿದ ಶೀಟನ್ನು ಒದ್ದೆಯಿರುವಾಗಲೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಅಂಟುಪಟ್ಟಿ ಹಾಕಿ, ಮೇಲೆ ‘ಕಲ್ನಾರು, ಒಡೆಯಬೇಡಿ’ ಎಂದು ದೊಡ್ಡದಾಗಿ ಬರೆಯಿರಿ. ಚೂರುಗಳನ್ನು ಒದ್ದೆ ಮಾಡಿ ಕೈಯಿಂದ ಆಯ್ದು ಚೀಲಕ್ಕೆ ತುಂಬಿ. ಟ್ರೈಲರಿನಲ್ಲಿ ಅಡ್ಡಲಾಗಿ ಪೇರಿಸಿ, ಟಾರ್ಪಾಲು ಬಿಗಿದು ಸಾಗಿಸಿ.

ಎಲ್ಲಿಗೆ? ಇದೇ ಕಷ್ಟದ ಪ್ರಶ್ನೆ. ಕಲ್ನಾರಿನ ಉತ್ಪಾದನೆ ಮತ್ತು ಕೈಗಾರಿಕಾ ಬಳಕೆಯ ತ್ಯಾಜ್ಯವನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿವೆ. ವಿಲೇವಾರಿಗೆ ಭಾರತೀಯ ಮಾನಕ 11768 ಎಂಬುದು 1986ರಿಂದಲೇ ಇದೆ. ಆದರೆ ಪಂಚಾಯಿತಿಯ ಕಸದ ಗಾಡಿ ಇದನ್ನು ಒಯ್ಯುವ ಗಾಡಿಯಲ್ಲ. ಹಾಗೆಂದು ನಮ್ಮ ಜಿಲ್ಲೆಯ ಹಾಳುಬಿದ್ದ ಕರಿಕಲ್ಲು ಕ್ವಾರಿಗೋ, ಕೆರೆ ಏರಿಗೋ, ಕಾಡಂಚಿಗೋ ಸುರಿಯುವುದು ಸಲ್ಲದು. ಕೇರಳದ ಕಸ ಹೊತ್ತ ಲಾರಿ ಗುಂಡ್ಲುಪೇಟೆಯ ಬಳಿ ಸಿಕ್ಕಿಬಿದ್ದಾಗ ಕೂಗಾಡುವವರು ನಾವೇ ಅಲ್ಲವೆ? ಅದೇ ಕೇರಳದಲ್ಲಿ ಶಾಲೆಗಳ ಕಲ್ನಾರು ಚಾವಣಿ ತೆಗೆಯಬೇಕೆಂದು ಅಲ್ಲಿನ ಮಾನವ ಹಕ್ಕುಗಳ ಆಯೋಗ 2009ರಷ್ಟು ಹಿಂದೆಯೇ ಹೇಳಿತ್ತು ಎಂಬುದನ್ನೂ ಗಮನಿಸಿ.

ಹಳೆಯ ಶೀಟನ್ನು ಆಳುಗಳಿಗೆ ‘ಒಲೆಮನೆಗೆ ಹಾಕಿಕೊಳ್ಳಿ’ ಎಂದು ಕೊಡುವ ರೂಢಿಯೂ ನಿಲ್ಲಬೇಕು. ಪಡೆದವನು ಅದನ್ನು ಕತ್ತರಿಸದೆ ಇರಲಾರ. ಬೆಂಕಿಗೆ ಬಿದ್ದರೆ ಶೀಟು ಸಿಡಿಯುತ್ತದೆ, ನಾರು ಸುಡುವುದಿಲ್ಲ.

ನಮ್ಮ ಸಂಘದ ಹಳೆಯ ಗೋದಾಮಿನ ಶೀಟುಗಳನ್ನು ಹರಾಜು ಹಾಕಿ ನಾಲ್ಕು ಕಾಸು ಮಾಡಿಕೊಳ್ಳೋಣವೆಂಬ ಸಲಹೆ ಆಡಳಿತ ಮಂಡಳಿಯ ಮುಂದಿದೆ. ಕಾರ್ಯದರ್ಶಿಯಾಗಿ ನನ್ನ ವಿರೋಧವನ್ನು ಬರೆದು ಕೊಟ್ಟಿದ್ದೇನೆ. ತೀರ್ಮಾನ ಸರ್ವಸದಸ್ಯರ ಸಭೆಯದು. ವಿಲೇವಾರಿಗೆ ಖರ್ಚಾಗುತ್ತದೆ, ಲಾಭಾಂಶದಲ್ಲಿ ಅದು ಕಾಣುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಒಬ್ಬೊಬ್ಬರ ಹತ್ತು ಶೀಟಿಗೆ ಲಾರಿ ಬರುವುದಿಲ್ಲ. ಎಲ್ಲರದೂ ಸೇರಿದರೆ ಬರಬಹುದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಂಘದಿಂದ ಪತ್ರ ಬರೆದು, ಅಧಿಕೃತ ಹೂಳುತಾಣ ಮತ್ತು ಸಾಗಣೆದಾರರ ವಿವರ ಕೇಳುವ ಉದ್ದೇಶವಿದೆ. ಅದಕ್ಕೆ ಪ್ರಮಾಣದ ಅಂದಾಜು ಬೇಕು. ಇಳಿಸಿರುವ ಅಥವಾ ಇಳಿಸಬೇಕಾದ ಶೀಟುಗಳ ಸಂಖ್ಯೆ, ಉದ್ದ, ಒಡೆದಿವೆಯೇ ಇಲ್ಲವೇ, ತೋಟದವರೆಗೆ ಲಾರಿ ಬರುತ್ತದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮುಂಗಾರು ಹಿಡಿಯುವ ಮುನ್ನ ಸಂಘದ ಕಚೇರಿಗೆ ತಲುಪಿಸಿ. ಅಲ್ಲಿಯವರೆಗೆ ಸುತ್ತಿದ ಶೀಟುಗಳು ನೆರಳಿನಲ್ಲಿ, ಜನ ಓಡಾಡದ ಕಡೆ, ಮಲಗಿಸಿದಂತೆಯೇ ಇರಲಿ.