ಹಿತ್ತಲದ ತೊಟ್ಟಿಯಲ್ಲಿ ಮೀನು: ರೊಕ್ಕ ಎಷ್ಟು, ಕಾವಲು ಎಷ್ಟು?

ಕೆಳಗೆ ಮೀನು, ಮೇಲೆ ಮೆಂತ್ಯೆ. ಮಣ್ಣು ಬೇಡ, ಗೊಬ್ಬರ ಬೇಡ, ಕಳೆ ತೆಗೆಯುವ ಆಳು ಬೇಡ. ಹಿತ್ತಲದಾಗ ಒಂದು ತೊಟ್ಟಿ ಇಟ್ಟರೆ ಸಾಕು, ಆಮೇಲೆ ತಿಂಗಳಾ ರೊಕ್ಕ ಎಣಿಸುವುದೊಂದೇ ಕೆಲಸ!

ಮೊಬೈಲಿನಲ್ಲಿ ಇಂಥ ವಿಡಿಯೋ ನೋಡದವರು ಈಗ ಯಾರಿದ್ದಾರೆ? ಹಾವೇರಿಯ ಕಿರಾಣಿ ಅಂಗಡಿಯಿಂದ ಹಿಡಿದು ಮೋಟೆಬೆನ್ನೂರ ಕ್ರಾಸಿನಲ್ಲಿ ಬ್ಯಾಡಗಿ ಬಸ್ಸಿಗೆ ಕಾಯುವವರ ತನಕ ಎಲ್ಲರ ಕೈಯಲ್ಲೂ ಅದೇ ಮೊಬೈಲು, ಅದೇ ಆಸೆ. ಇದರ ಹೆಸರು ಆಕ್ವಾಪೋನಿಕ್ಸ್. ಹೆಸರು ದೊಡ್ಡದು, ತೊಟ್ಟಿ ಸಣ್ಣದು. ಸಾಲ ತೆಗೆದು ತೊಟ್ಟಿ ಕಟ್ಟಿಸುವ ಮುಂಚೆ ಇದರ ಒಳಗುಟ್ಟು ತಿಳಿದುಕೊಳ್ಳುವುದು ಒಳ್ಳೆಯದು.

ಗುಟ್ಟು ಇರೋದು ಎಲ್ಲಿ?

ಮೀನಿಗೆ ತಿನಿಸು ಹಾಕುತ್ತೀರಿ. ಮೀನು ತಿಂದು ಹೊಲಸು ಬಿಡುತ್ತದೆ. ಆ ಹೊಲಸಿನಲ್ಲಿ ಅಮೋನಿಯಾ ಇದೆ. ಅದು ನೀರಿನಲ್ಲಿ ಹೆಚ್ಚಾದರೆ ಮೀನಿಗೇ ವಿಷ. ಪಂಪು ಆ ನೀರನ್ನು ಮೇಲಿನ ಕಡಿ ತುಂಬಿದ ಮಡಿಗೆ ಎತ್ತುತ್ತದೆ. ಕಡಿಯ ಮೈಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕೂತಿರುತ್ತವೆ. ಅವು ಅಮೋನಿಯಾವನ್ನು ಮೊದಲು ನೈಟ್ರೈಟು, ಆಮೇಲೆ ನೈಟ್ರೇಟು ಮಾಡುತ್ತವೆ. ನೈಟ್ರೇಟು ಗಿಡಕ್ಕೆ ಊಟ. ಗಿಡ ಉಂಡ ಮೇಲೆ ನೀರು ತಿಳಿಯಾಗಿ ತಿರುಗಿ ತೊಟ್ಟಿಗೆ ಇಳಿಯುತ್ತದೆ.

ಇದು ಹೊಸ ಮಂತ್ರವೇನಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳು ಹೇರಿಕೊಂಡು ಹೊಲಕ್ಕೆ ಹಾಕುತ್ತಿದ್ದ ನಮ್ಮ ಹಿರಿಯರೂ ಇದೇ ಲೆಕ್ಕ ಬಲ್ಲವರು. ತೊಟ್ಟಿಯಲ್ಲಿ ಇದನ್ನು ಕ್ರಮವಾಗಿ ಮಾಡಿ ತೋರಿಸಿದವರು ಅಮೆರಿಕದ ವರ್ಜಿನ್ ದ್ವೀಪಗಳ ವಿಶ್ವವಿದ್ಯಾಲಯದ ಜೇಮ್ಸ್ ರಾಕೋಸಿ. 1980ರಿಂದ ದಶಕಗಟ್ಟಲೆ ಅವರು ಇದೇ ಕೆಲಸ ಮಾಡಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ತೊಟ್ಟಿಯವರಿಗೆಂದೇ ಒಂದು ಕೈಪಿಡಿ ತಂದಿತು. ಪದ್ಧತಿ ಸುಳ್ಳಲ್ಲ ಸ್ವಾಮಿ. ಸುಳ್ಳು ಇರೋದು ಅದರ ಸುತ್ತ ಕಟ್ಟಿದ ಲಾಭದ ಕಥೆಯಲ್ಲಿ.

ಮೂರನೇ ವಾರದ ಸಾವು

ಹೊಸಬರು ಮೊದಲು ಎಡವುವುದು ಆತುರದಲ್ಲಿ. ಸೋಮವಾರ ತೊಟ್ಟಿ ತಂದು, ಮಂಗಳವಾರ ಮೀನು ಬಿಡುತ್ತಾರೆ. ಆದರೆ ಆ ಸೂಕ್ಷ್ಮಜೀವಿಗಳು ಕಡಿಯ ಮೇಲೆ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಅಮೋನಿಯಾ, ನೈಟ್ರೈಟು ಏರಿ ಎರಡನೇ, ಮೂರನೇ ವಾರಕ್ಕೆ ಮರಿಗಳು ಹೊಟ್ಟೆ ಮೇಲಾಗಿ ತೇಲತಾವ. ಮೊದಲ ತಿಂಗಳು ನಾಲ್ಕೈದು ಮೀನು ಮಾತ್ರ ಬಿಟ್ಟು, ತಿನಿಸು ಚಿಟಿಕೆಯಷ್ಟೇ ಹಾಕಿ, ಅಮೋನಿಯಾ ನೋಡುವ ಪರೀಕ್ಷಾ ಕಿಟ್ಟು ಇಟ್ಟುಕೊಂಡವರು ಗೆದ್ದರು.

ಕಡಿಯನ್ನೂ ನೋಡಿ ತರಬೇಕು. ಒಂದು ಕಲ್ಲಿನ ಮೇಲೆ ಲಿಂಬೆಹುಳಿ ಹಿಂಡಿರಿ. ನೊರೆ ಬಂದರೆ ಅದು ಸುಣ್ಣದ ಕಲ್ಲು, ತಿರುಗಿ ಕಳಿಸಿರಿ.

ನಮ್ಮ ನೀರು, ನಮ್ಮ ಬಿಸಿಲು

ಕಾಸಿದ ಹಂಡೆಯ ತಳದಲ್ಲಿ ಬಿಳಿ ಪದರು ಕಟ್ಟುವ ಬೋರ್‌ವೆಲ್ ನೀರು ಗಡಸು ನೀರು. ಅದರ ಪಿ.ಎಚ್. ಎಂಟರ ಆಸುಪಾಸಿನಲ್ಲೇ ನಿಲ್ಲುತ್ತದೆ. ಈ ಪದ್ಧತಿಗೆ ಬೇಕಾದದ್ದು ಏಳರ ಹತ್ತಿರ. ಪಿ.ಎಚ್. ಏರಿದಷ್ಟೂ ಅಮೋನಿಯಾ ಹೆಚ್ಚು ವಿಷ, ಗಿಡಕ್ಕೆ ಕಬ್ಬಿಣದಂಶ ಸಿಗದೆ ಎಳೆ ಎಲೆ ಹಳದಿ. ಮಳೆ ನೀರು ಹಿಡಿದಿಟ್ಟು ಬೆರೆಸುವುದು ಬಡವನ ಮದ್ದು. ನಳದ ನೀರಾದರೆ ಕ್ಲೋರಿನ್ ಹಾರಿಹೋಗಲು ಒಂದೆರಡು ದಿನ ತೆರೆದಿಡಬೇಕು.

ನೀರು ಬಹಳ ಬೇಕೇನು ಅಂತ ಕೇಳೀರಿ. ಬೇಡ. ಅದೇ ಇದರ ದೊಡ್ಡ ಗುಣ. ದಿನಕ್ಕೆ ನೂರಕ್ಕೆ ಒಂದರಿಂದ ಮೂರು ಪಾಲು ಆರುತ್ತದೆ. ಸಾವಿರ ಲೀಟರಿನ ತೊಟ್ಟಿಗೆ ದಿನಾ ಒಂದೆರಡು ಕೊಡ ಹಾಕಿದರೆ ಆಯಿತು. 2023ರಲ್ಲಿ ರಾಜ್ಯದ 223 ತಾಲೂಕು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಅಂಥ ವರ್ಷ ಕಂಡವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಆದರೆ ಬಿಸಿಲು? 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರು ನೀರು 9 ಮಿಲಿಗ್ರಾಮಿನಷ್ಟು ಆಮ್ಲಜನಕ ಹಿಡಿಯುತ್ತದೆ. 30 ಡಿಗ್ರಿ ಆದರೆ ಏಳೂವರೆ ಮಾತ್ರ. ಮೀನು ಸುಖವಾಗಿರಲು 5 ಆದರೂ ಬೇಕು. ಏಪ್ರಿಲ್‌ನಲ್ಲಿ ತಗಡಿನ ಪಕ್ಕದ ತೊಟ್ಟಿ ಎಷ್ಟು ಕಾಯುತ್ತದೆ ಎಂದು ನಮ್ಮ ಕಡೆಯವರಿಗೆ ಗೊತ್ತೇ ಇದೆ. ತೊಟ್ಟಿಗೆ ನೆರಳು ಬೇಕು, ಗಿಡಕ್ಕೆ ಬಿಸಿಲು ಬೇಕು. ಜಾಗ ಆರಿಸುವಾಗಲೇ ಇದನ್ನು ನೋಡಿಕೊಳ್ಳಬೇಕು.

ಕರೆಂಟು ಹೋದರೆ?

ಇದೇ ಮುಖ್ಯ ಮಾತು. ಪಂಪೇ ಇದರ ಗುಂಡಿಗೆ. ಮೀನು ತುಂಬಿದ ತೊಟ್ಟಿಗೆ ಗಾಳಿ ನಿಂತರೆ ಕೆಲವೇ ತಾಸು. ಮಳೆಗಾಲದ ರಾತ್ರಿ ತಂತಿ ಹರಿದು ಬೆಳಗಿನ ತನಕ ಕರೆಂಟು ಬರಲಿಲ್ಲ ಅಂದರೆ ಆರು ತಿಂಗಳು ಸಾಕಿದ್ದು ಒಂದೇ ರಾತ್ರಿಗೆ ಸಾಫ್. ಬ್ಯಾಟರಿ ಮೇಲೆ ನಡೆಯುವ ಗಾಳಿ ಪಂಪು, ಇಲ್ಲವೆ ಅಂಗಡಿಯ ಇನ್ವರ್ಟರಿನಿಂದ ಒಂದು ವೈರು, ಇದು ಇಲ್ಲದೆ ಕೆಲಸಕ್ಕೆ ಕೈ ಹಾಕಬಾರದು. ಅದೂ ಕೈಕೊಟ್ಟರೆ ತಿನಿಸು ನಿಲ್ಲಿಸಿ, ಚೊಂಬಿನಲ್ಲಿ ನೀರು ಎತ್ತೆತ್ತಿ ಮೇಲಿಂದ ಸುರಿಯುತ್ತಾ ಕೂಡ್ರಬೇಕು. ನಿದ್ದೆಗೆಟ್ಟು ಕೂಡ್ರುವವರು ಮನೆಯಲ್ಲಿ ಯಾರು ಎಂದು ಮೊದಲೇ ತೀರ್ಮಾನವಾಗಲಿ.

ಬಿಲ್ಲಿನ ಮಾತೂ ಇದೆ. ನೀರಿನ ಪಂಪು 40 ವ್ಯಾಟು, ಗಾಳಿ ಪಂಪು 20 ವ್ಯಾಟು ಎಂದಿಟ್ಟುಕೊಳ್ಳಿ. ಹಗಲು ರಾತ್ರಿ ನಡೆದರೆ ತಿಂಗಳಿಗೆ 43 ಯೂನಿಟ್. "ಗೃಹಜ್ಯೋತಿ ಐತಲ್ರೀ, ಪುಕ್ಕಟೆ" ಅನ್ನಬೇಡಿ. 2023ರಲ್ಲಿ ಬಂದ ಆ ಯೋಜನೆಯಲ್ಲಿ 200 ಯೂನಿಟ್ ಎಂಬುದು ಗರಿಷ್ಠ ಮಿತಿ. ನಿಮಗೆ ಪುಕ್ಕಟೆ ಸಿಗುವುದು ಹಿಂದೆ ಬಳಸಿದ ಸರಾಸರಿ, ಅದರ ಮೇಲೆ ಒಂದಿಷ್ಟು. ತೊಟ್ಟಿಗೆ ಹೊಸದಾಗಿ ಸುಡುವ ಯೂನಿಟ್ಟಿನ ಬಹುಪಾಲಿಗೆ ಕೈಯಿಂದ ಕೊಡಬೇಕು.

ಖಾತೆ ಪುಸ್ತಕ ತೆಗೆಯಿರಿ

ಅಂಗಡಿಕಾರರಿಗೆ ಅಂಗಡಿಯ ಭಾಷೆಯಲ್ಲೇ ಹೇಳೋಣ. ಸಾವಿರ ಲೀಟರಿನ ತೊಟ್ಟಿ. ಅರ್ಧ ಕಿಲೋದ ಮೀನು 30, ಒಟ್ಟು 15 ಕಿಲೋ. ಹೊಸಬರು ಇದಕ್ಕಿಂತ ಹೆಚ್ಚು ತುಂಬಬಾರದು. ಬೆಳೆಯಲು ಎಂಟು ತಿಂಗಳು ಹಿಡಿಯಿರಿ. ಕಿಲೋ ಮೀನಿಗೆ ಸುಮಾರು 1.6 ಕಿಲೋ ತಿನಿಸು, ಅಂದರೆ 24 ಕಿಲೋ. ದಿನಕ್ಕೆ ಸರಾಸರಿ ನೂರು ಗ್ರಾಂ. ಅಷ್ಟು ತಿನಿಸಿನ ಹೊಲಸು ಎರಡು ಚದರ ಮೀಟರ್ ತಪ್ಪಲು ಪಲ್ಲೆ ಸಾಕುತ್ತದೆ, ಒಂದು ಹೊರಸಿನಷ್ಟು ಜಾಗ.

ಧಾರಣೆ ನಿಮ್ಮ ಊರಿನದು ಹಾಕಿಕೊಳ್ಳಿ. ನಾವು ಲೆಕ್ಕಕ್ಕೆ ಹೀಗೆ ಇಟ್ಟಿದ್ದೇವೆ: ತಿನಿಸು ಕಿಲೋಕ್ಕೆ 60 ರೂಪಾಯಿಯಂತೆ 1,440. ಕರೆಂಟು ಯೂನಿಟ್ಟಿಗೆ 6ರಂತೆ 345 ಯೂನಿಟ್‌ಗೆ 2,070. ಮರಿಗೆ 200. ಒಟ್ಟು ಖರ್ಚು 3,710. ಇತ್ತ ಮೀನು ಕಿಲೋಕ್ಕೆ 180ರಂತೆ 2,700. ಪಲ್ಲೆ ವಾರಕ್ಕೆ ನಾಲ್ಕು ಸಿವುಡು, ಹತ್ತು ರೂಪಾಯಿಯಂತೆ 34 ವಾರಕ್ಕೆ 1,360. ಒಟ್ಟು 4,060.

ಉಳಿದದ್ದು 350 ರೂಪಾಯಿ. ಎಂಟು ತಿಂಗಳಿಗೆ! ತೊಟ್ಟಿ, ಪಂಪು, ಪೈಪು, ಬ್ಯಾಟರಿಯ ಅಸಲು ಇನ್ನೂ ಹಿಡಿದಿಲ್ಲ. ನಾಲ್ಕು ಮೀನು ಸತ್ತರೆ ಆ ಲಾಭವೂ ಗಂಗೆಪಾಲು. ಮನೆಗೆ ತಾಜಾ ಪಲ್ಲೆ, ತಿಂಗಳಿಗೊಮ್ಮೆ ಮೀನು, ಮಕ್ಕಳಿಗೊಂದು ಪಾಠ, ಇಷ್ಟಕ್ಕಾದರೆ ಚೆಂದ. ದುಡಿಮೆ ಎಂದು ನಂಬಿ ಸಾಲ ತೆಗೆದರೆ ಬಡ್ಡಿ ಮೀನಿಗಿಂತ ಬೇಗ ಬೆಳೀತದ.

ಯಾವ ಮೀನು, ಯಾವ ಗಿಡ?

ಜಿಲೇಬಿ ಮೀನು ಇದಕ್ಕೆ ಗಟ್ಟಿಜೀವ. ಆದರೆ ಅದು 1952ರಲ್ಲಿ ನಮ್ಮ ದೇಶಕ್ಕೆ ಬಂದು, ಕೆರೆಗಳಲ್ಲಿ ಮಿತಿಮೀರಿ ಮರಿ ಹಾಕಿ ತೊಂದರೆ ಕೊಟ್ಟ ಜಾತಿ. ಅದರ ಸಾಕಣೆಗೆ ಇಲಾಖೆಯ ಪರವಾನಗಿ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ನಿಷಿದ್ಧ, ಯಾರು ಕೊಟ್ಟರೂ ಮುಟ್ಟಬೇಡಿ. ಕಾಟ್ಲಾ ದೊಡ್ಡ ನೀರಿನ ಮೀನು, ತೊಟ್ಟಿಗೆ ಸಲ್ಲದು. ಸಾಮಾನ್ಯ ಗೆಂಡೆ ನಡೆದೀತು. ಮೀನು ತಿನ್ನದ ಮನೆಯವರು, ಮನೆ ಮಾಲಕರು ಒಪ್ಪದ ಬಾಡಿಗೆಯವರು ಗೋಲ್ಡ್‌ಫಿಶ್ ಸಾಕಬಹುದು. ಗಿಡಕ್ಕೆ ಯಾವ ಮೀನಿನ ಹೊಲಸಾದರೂ ಒಂದೇ.

ಗಿಡದಲ್ಲಿ ಪಾಲಕ್, ಮೆಂತ್ಯೆ, ಪುದೀನ, ರಾಜಗಿರಿ ಸುಲಭ. "ಬ್ಯಾಡಗಿ ಮೆಣಸಿನಕಾಯಿ ಬೆಳೀಬಹುದಲ್ಲ?" ಎಂದರೆ, ಅಡುಗೆಗೆ ನಾಲ್ಕು ಹಸಿಕಾಯಿ ಬಂದೀತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಕೆಂಪು ಒಣಕಾಯಿ ಹೊಲದ ಬೆಳೆ. ಕಾಯಿ ಬಿಡುವ ಗಿಡಕ್ಕೆ ಪೊಟ್ಯಾಶು, ಕಬ್ಬಿಣ ಹೆಚ್ಚು ಬೇಕು, ಮೀನಿನ ತಿನಿಸಿನಲ್ಲಿ ಅವು ಸಾಲವು. ಇನ್ನೊಂದು ಎಚ್ಚರ: ಗಿಡಕ್ಕೆ ಹುಳ ಬಿತ್ತೆಂದು ರಾಣೆಬೆನ್ನೂರಿನ ಅಂಗಡಿಯಿಂದ ಔಷಧಿ ತಂದು ಹೊಡೆದರೆ ಮೀನು ಉಳಿಯೋದಿಲ್ಲ. ಕೈಯಿಂದ ಆರಿಸಿಯೇ ತೆಗೆಯಬೇಕು.

ಹೊಲ ಇದ್ದವರ ಹಾದಿ ಬೇರೆ. ಕೃಷಿ ಹೊಂಡದಲ್ಲಿ ನೀರು ನಿಲ್ಲುವ ತಿಂಗಳುಗಳಲ್ಲಿ ಗೆಂಡೆ ಬಿಟ್ಟು, ಅದೇ ನೀರನ್ನು ಕಾಯಿಪಲ್ಲೆಗೆ ಹಾಯಿಸಿದರೆ ದಿನವಿಡೀ ಪಂಪು ಬೇಡ, ಕಡಿ ಬೇಡ. ಲಾಭದ ಮಾತು ಅಲ್ಲಿಯೇ ಹೆಚ್ಚು ಹೊಂದುತ್ತದೆ.

ಇಲಾಖೆಗೆ ಒಂದು ಮಾತು

ಕೇಂದ್ರದ ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಬಂತು. ಅದರಲ್ಲಿ ಹಿತ್ತಲದ ಸಣ್ಣ ಮೀನು ಘಟಕಕ್ಕೆ 50 ಸಾವಿರ ರೂಪಾಯಿಯ ಅಂದಾಜು ಕಟ್ಟಿ, ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60 ಸಹಾಯಧನ ಇಟ್ಟರು. ಒಳ್ಳೆಯದೇ. ಆದರೆ ಉಳಿದ ಪಾಲು ಮನೆಯವರದು, ದಿನದ ಕಾವಲೂ ಮನೆಯವರದೇ. ಅರ್ಜಿ ತುಂಬುವ ಮುಂಚೆ ಈಗಿನ ನಿಯಮವೇನು ಎಂದು ಮೀನುಗಾರಿಕೆ ಕಚೇರಿಯಲ್ಲೇ ಕೇಳಿ, ಏಜೆಂಟರನ್ನು ಕೇಳಬೇಡಿ.

ಇಲಾಖೆಯವರೂ ಒಂದು ಉಪಕಾರ ಮಾಡಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಜನ ಓಡಾಡುವ ಜಾಗದಲ್ಲಿ ಒಂದೊಂದು ತೊಟ್ಟಿ ವರ್ಷವಿಡೀ ನಡೆಸಿ ತೋರಿಸಲಿ. ಪಕ್ಕದ ಹಲಗೆಯಲ್ಲಿ ತಿನಿಸಿನ ಖರ್ಚು, ಕರೆಂಟು ಬಿಲ್ಲು, ಸತ್ತ ಮೀನಿನ ಲೆಕ್ಕ ಮುಚ್ಚುಮರೆ ಇಲ್ಲದೆ ಬರೆಯಲಿ. ಸಂತೆಗೆ ಬಂದವರು ಓದಿ ತಾವೇ ತೀರ್ಮಾನಿಸುತ್ತಾರೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?